ಬೆಳ್ಳಿಯ ಲೆಕ್ಕ

ಸೋಮವಾರ ಬೆಳಿಗ್ಗೆ ಅಡಿಲೇಡಿನಿಂದ ಎರಡು ಲಾರಿ ಬಂದವು.
ಒಂದರಲ್ಲಿ ಹೊಸ ಎಕ್ಸ್‌ರೇ ಯಂತ್ರ, ಮೈತುಂಬ ಥರ್ಮೋಕೋಲು.
ಇನ್ನೊಂದು ಖಾಲಿ.
ಖಾಲಿ ಲಾರಿಯವನು ಇಳಿದವನೇ ಕೇಳಿದ:
"ತಕ್ಕಡಿ ಇಡಲು ಸಮನೆಲ ಎಲ್ಲಿದೆ?"

ಹಳೇ ಫಿಲ್ಮು ಕಿಲೋ ಲೆಕ್ಕ.
ತೊಳೆದು, ಸುಟ್ಟು, ಸೋಸಿದರೆ ಬೆಳ್ಳಿ ಸಿಗುತ್ತದಂತೆ.
ನಗು ಬಂತು. ಬ್ರೋಕನ್ ಹಿಲ್ಲಿಗೆ ಬಂದು
ಬೆಳ್ಳಿಯ ಸುದ್ದಿ ಹೇಳುತ್ತಾನಲ್ಲ!
ಇಲ್ಲಿ ಬೀದಿಗಳ ಹೆಸರೇ ಅದಿರು:
ಆರ್ಜೆಂಟ್, ಕ್ಲೋರೈಡ್, ಆಕ್ಸೈಡ್.
ಅಂಚೆಯವನು ದಿನಾ ರಸಾಯನಶಾಸ್ತ್ರ ಓದುತ್ತ
ಮನೆಮನೆ ತಿರುಗುತ್ತಾನೆ.

ಕತ್ತಲೆ ಕೋಣೆ ನೊಲೀನಳದು, ಮೂವತ್ತೊಂದು ವರ್ಷ.
ಕೆಂಪು ದೀಪವೂ ಬೇಡ ಅವಳಿಗೆ.
ಫಿಲ್ಮಿನ ಮೂಲೆ ಸವರಿ ಎಡಬಲ ಹೇಳುವ,
ಅಕ್ಕಿಯಲ್ಲಿ ಕಲ್ಲು ಆರಿಸುವಂಥ ಬೆರಳು.
ಕೂದಲಿಗೆ, ಕೋಟಿಗೆ, ಮಧ್ಯಾಹ್ನದ ಸ್ಯಾಂಡ್‌ವಿಚ್ಚಿಗೂ
ಫಿಕ್ಸರಿನ ಹುಳಿ ವಾಸನೆ.
"ಉಪ್ಪಿನಕಾಯಿ ಭರಣಿಯನ್ನು ಕಟ್ಟಿಕೊಂಡೆ" ಎನ್ನುತ್ತಿದ್ದನಂತೆ ಗಂಡ.
ಇವತ್ತು ಆ ಬಾಗಿಲು ಕಳಚಿ ಗೋಡೆಗೆ ಒರಗಿಸಿದರು.
ಬಿಸಿಲು ಒಳಗೆ ಹೋಯಿತು, ಯಾರನ್ನೂ ಕೇಳದೆ.
"ಗೋಡೆ ಹಸಿರಾ?" ಎಂದಳು ನೊಲೀನ್.
ಅಷ್ಟೇ ಮಾತು.

ಹತ್ತು ಗಂಟೆಗೆ ಐವರ್ ಟ್ರೆಗೆಂಝ.
ಎಂಬತ್ತಮೂರು ವಯಸ್ಸು, ಮೂವತ್ತು ನೆಲದೊಳಗೆ.
"ನನ್ನ ಎಪ್ಪತ್ತೊಂದರದು ಕೊಡಮ್ಮ.
ಅದರ ಬೆಳ್ಳಿ ನಾನೇ ಅಗೆದದ್ದಿರಬಹುದು."
ಹುಡುಕಿದೆ. ಸಿಕ್ಕಿತು. ಕಿಟಕಿಗೆ ಹಿಡಿದೆವು.
ಪಕ್ಕೆಲುಬಿನ ನಡುವೆ ಗಣಿಯ ಧೂಳು
ಬೆಳ್ಳಗೆ, ಕಿಟಕಿಗೆ ಹಿಡಿದ ಹಬೆಯಷ್ಟು.
ಅಗೆದವನೊಳಗೆ ಅದು ಎಷ್ಟು ಅಗೆದಿದೆ ಎಂದು
ಅದರದ್ದೇ ಲಿಪಿ.
ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಹೋದ,
ಭಾನುವಾರದ ಪೇಪರಿನ ಹಾಗೆ.
ರಿಜಿಸ್ಟರಿನಲ್ಲಿ ಬರೆದೆ: ನಾಶಪಡಿಸಲಾಗಿದೆ.

ಇನ್ನೊಂದು ಲಕೋಟೆ ತಕ್ಕಡಿಗೆ ಹಾಕಲಾಗಲಿಲ್ಲ.

ಡಲ್ಸಿ ಪ್ಯಾಸ್ಕೋ. ಶಾಲೆ ಬಸ್ಸಿನ ಡ್ರೈವರು, ಐವತ್ತೆರಡು.
ನಾಲ್ಕು ಚಳಿಗಾಲದ ಹಿಂದಿನ ಕೆಮ್ಮು.
ಫಿಲ್ಮು ತೆಗೆದದ್ದು ನಾನು. ಡಬ್ಬಿ ದೀಪದ
ಒಂದು ಟ್ಯೂಬು ಅವತ್ತು ಮಿಟುಕುತ್ತಿತ್ತು.
ಅಂಚೆಯಲ್ಲಿ ದೊಡ್ಡ ಡಾಕ್ಟರರಿಗೆ ಹೋಗಿ
ಒಂಬತ್ತನೇ ದಿನ ಬಂತು ಕಾಗದ: ವಿಶೇಷವೇನಿಲ್ಲ.
ಮುಂದಿನ ಚಳಿಗಾಲಕ್ಕೆ ಬಸ್ಸಿಗೆ ಬೇರೆ ಡ್ರೈವರು.

ಯಂತ್ರ ಹಳೇದು, ಅಂದರು ಎಲ್ಲರೂ.
ಸಮಿತಿಯೂ ಅದನ್ನೇ ಬರೆಯಿತು. ನಾನು ತಲೆಯಾಡಿಸಿದೆ.
ಹೊಸದಕ್ಕೆ ಹಾಕಿದ ಅರ್ಜಿಯ ಮೂರನೇ ಪುಟದಲ್ಲಿ
ಅವಳಿದ್ದಾಳೆ, ಹೆಸರಿಲ್ಲದೆ.
ಆ ಒಂದು ವಾಕ್ಯ ಹಾಸಿಕೊಂಡು
ನಾಲ್ಕು ವರ್ಷ ನಿದ್ದೆ ಮಾಡಿದ್ದೇನೆ.

ಇವತ್ತು ಟ್ಯೂಬು ಬದಲಿಸಿ ನೋಡಿದೆ.
ಕೊರಳೆಲುಬಿನ ಹಿಂದೆ, ರಾಗಿಕಾಳಿನಷ್ಟು.
ಇತ್ತೋ, ಗೊತ್ತಿರುವ ಕಣ್ಣು ತಾನೇ ಇಟ್ಟುಕೊಂಡಿತೋ.
ಮತ್ತೆ ನೋಡಿದೆ. ಇತ್ತು.
ಬೆಳ್ಳಿ ಮೂಡಿತ್ತು ಅಲ್ಲಿ.
ನಾವು ಎದ್ದಿರಲಿಲ್ಲ.

ಸಂಜೆಗೆ ಲೆಕ್ಕ ಮುಗಿಯಿತು: ಒಂದು ಸಾವಿರದ ನಲವತ್ತು ಕಿಲೋ.
ಲಾರಿಯವನು ರಸೀತಿ ಹರಿದುಕೊಟ್ಟ.
ಹಳೇ ಯಂತ್ರ ಕೊನೆಗೆ ಏರಿತು, ಹಗ್ಗ ಬಿಗಿಸಿಕೊಂಡು.
ಅದು ನಿಂತಿದ್ದ ಕಡೆ ನೆಲದಲ್ಲಿ ನಾಲ್ಕು ತೂತು,
ನಡುವೆ ಲಿನೋಲಿಯಮ್ಮಿನ ಹೊಸ ಬಣ್ಣ.

ಮಂಗಳವಾರ ಮೊದಲು ಬಂದವಳು ಬೇಕರಿಯ ಗ್ವೆಂಡಾ. ಕೆಮ್ಮು.
ತಟ್ಟೆಗೆ ಎದೆ ಒತ್ತಿ ನಿಲ್ಲಿಸಿದೆ.
ಉಸಿರೆಳೆದುಕೊಳ್ಳಿ. ಹಿಡಿಯಿರಿ.
ಗುಂಡಿ ಒತ್ತಿದೆ; ಎರಡು ಎಣಿಸುವಷ್ಟರಲ್ಲಿ
ಪರದೆ ತುಂಬ ಬೂದು ಬಣ್ಣದ ಆಳ.
ರಾಗಿಕಾಳನ್ನು ಇಲ್ಲಿ ತೆಂಗಿನಕಾಯಿ ಮಾಡಬಹುದು.
ನಾನು ಏಪ್ರನ್ನು ಬಿಚ್ಚುವ ಮೊದಲೇ
ಅಡಿಲೇಡಿನಲ್ಲೊಬ್ಬರು ನೋಡುತ್ತಿರುತ್ತಾರೆ.

ಕೊರಳೆಲುಬು ದೊಡ್ಡದು ಮಾಡಿದೆ. ಅದರ ಹಿಂದೆ.
ಇನ್ನೂ ದೊಡ್ಡದು. ಇನ್ನೊಂದು ಬದಿ.
ಇದಕ್ಕೆ ವಯಸ್ಸಾಗಿಲ್ಲ. ಇದರ ಮೇಲೆ ಏನೂ ಹೇರುವಂತಿಲ್ಲ.
ಮತ್ತೆ ಮೊದಲಿನಿಂದ, ಒಂದೊಂದೇ ಪಕ್ಕೆ.

ಗಾಜಿನಾಚೆ ಗ್ವೆಂಡಾ
ಕೆಂಪಗಾಗಿ, ಕೆನ್ನೆಯುಬ್ಬಿ,
ಇನ್ನೂ ಉಸಿರು ಹಿಡಿದೇ ನಿಂತಿದ್ದಳು.